ಇಲ್ಲದ ದಾರಿಯಲ್ಲಿ ಬಂದುಹೋದ ಸಾಹೇಬರಿಗೆ

ಮಾನ್ಯ ಸಿವಿಲ್ ನ್ಯಾಯಾಧೀಶರೇ,

ತಮ್ಮ ಪೀಠಕ್ಕೂ, ಪೀಠದ ಮೇಲೆ ತಿರುಗುವ ಫ್ಯಾನಿಗೂ, ಅದರಡಿಯಲ್ಲಿ ಅಲುಗದೆ ಕೂರುವ ತಮ್ಮ ಗಾಂಭೀರ್ಯಕ್ಕೂ ಅನಂತ ನಮಸ್ಕಾರಗಳು. ನಾನು ವಾಣಿಶ್ರೀ, ತಮ್ಮ ಮುಂದೆ ಬಂಡಿದಾರಿಯ ದಾವೆ ಹೂಡಿ ಸೋತ ಗಂಗಲಕ್ಷ್ಮಮ್ಮನವರ ಸೊಸೆ, ಪ್ರೌಢಶಾಲೆಯ ಕನ್ನಡ ಮೇಡಂ. ದೂರು ಬರೆಯಲೆಂದೇ ಕೂತೆ. ಆದರೆ ತಮ್ಮನ್ನು ಹೊಗಳದೆ ಏಳಲು ಮನಸ್ಸು ಬರುತ್ತಿಲ್ಲ.

ಊರಿನಿಂದ ಹೊರಟ ಆ ದಾರಿ ನಮ್ಮತ್ತೆಯ ಹಿಪ್ಪುನೇರಳೆ ತೋಟದ ಪಶ್ಚಿಮದ ಅಂಚಿನಲ್ಲಿ ಸಾಗಿ ಕೆರೆ ಏರಿಗೆ ಸೇರುತ್ತದೆ. ಪಕ್ಕದ ಜಮೀನಿನಲ್ಲಿ ಸೈಟು ಮಾಡಲು ಹೊರಟ ಕೆಂಪರಾಜ್ ಅದನ್ನೂ ಸೇರಿಸಿ ಗೋಡೆ ಕಟ್ಟಿ, ಗೇಟಿಟ್ಟು, ಬೀಗ ಜಡಿದರು. ಅಲ್ಲಿ ದಾರಿಯೇ ಇರಲಿಲ್ಲವೆಂದು ತಮ್ಮ ಮುಂದೆ ವಾದಿಸಿದರು. ಯಾರನ್ನಾದರೂ ಕಳಿಸಿ ಜಾಗ ನೋಡಿಸಿ ಎಂದು ನಮ್ಮತ್ತೆ ಬೇಡಿಕೊಂಡಾಗ, ಕಕ್ಷಿದಾರರಿಗಾಗಿ ಸಾಕ್ಷ್ಯ ಸಂಗ್ರಹಿಸುವುದು ನ್ಯಾಯಾಲಯದ ಕೆಲಸವಲ್ಲವೆಂದು ತಾವು ಅರ್ಜಿ ವಜಾ ಮಾಡಿದಿರಿ. ಎಷ್ಟು ಸರಿ! ಇವತ್ತು ದಾರಿ ನೋಡಲು ಹೋದ ನ್ಯಾಯಾಲಯ ನಾಳೆ ಸತ್ಯವನ್ನೇ ನೋಡುವ ಚಟಕ್ಕೆ ಬಿದ್ದರೆ ವಕೀಲರ ಗತಿಯೇನು?

ನಮ್ಮ ಸಾಕ್ಷಿ, ಊರಿನ ಹಿರಿಯರಾದ ಮುನಿಶಾಮಪ್ಪನವರು ಕಟಕಟೆ ಹತ್ತಿದ ದಿನ ತಮ್ಮ ಸಂಯಮವನ್ನು ಕಣ್ಣಾರೆ ಕಂಡೆ. ನಮ್ಮ ವಕೀಲರು ಅವರ ಪ್ರಮಾಣಪತ್ರದಲ್ಲಿ ಪಶ್ಚಿಮದ ಬದಲು ದಾರಿ ಪೂರ್ವಕ್ಕಿದೆ ಎಂದು ಬರೆಸಿ, ಪಕ್ಕದ ಕೋರ್ಟಿಗೆ ಹೋಗಿಬಿಟ್ಟಿದ್ದರು. ಪೂರ್ವಕ್ಕೆ ಏನಿದೆ ಎಂದು ಎದುರು ವಕೀಲರು ಕೇಳಿದರು. “ಕೆರೆ ಐತೆ ಸ್ವಾಮಿ” ಎಂದರು, ಸುಳ್ಳು ಬಾರದ ಆ ಮುದುಕರು. ಎದುರು ವಕೀಲರು ನಕ್ಕು ಕೂತರು. ಆಗ ಮುನಿಶಾಮಪ್ಪನವರು ತಮ್ಮತ್ತ ತಿರುಗಿ ಕೈಮುಗಿದು, “ದಾರಿ ಇರೋದು ಪಡುವಲಿಗೆ ಸ್ವಾಮಿ. ಆವತಿಯಿಂದ ನನ್ ಹೆಂಡ್ತೀನ ಗಾಡೀಲಿ ಕರ್ಕೊಂಡ್ ಬಂದಿದ್ದೇ ಆ ದಾರೀಲಿ. ಒಂದ್ಸಲ ನೀವೇ ಕೇಳ್ರಿ, ಹೇಳ್ತೀನಿ” ಎಂದರು. ಯಾವ ಸಾಕ್ಷಿಗೆ ಯಾವ ಪ್ರಶ್ನೆಯನ್ನಾದರೂ ಕೇಳುವ ಅಧಿಕಾರವನ್ನು ಕಾನೂನು ತಮಗೆ ಕೊಟ್ಟಿದೆಯಂತೆ. ಸವೆದೀತೆಂಬ ಕಾಳಜಿಯಿಂದ ತಾವು ಅದನ್ನು ಮುಟ್ಟಲೇ ಇಲ್ಲ. “ಕೇಳಿದ್ದಕ್ಕಷ್ಟೇ ಉತ್ತರ ಹೇಳಿ, ಇಳೀರಿ” ಎಂದಿರಿ.

ತೀರ್ಪಿಗೆ ಮುಂಚೆ ತಾವು ನಮ್ಮ ಕೆರೆ ಏರಿಯಲ್ಲಿ ಸಸಿ ನೆಡಲು ದಯಮಾಡಿಸಿದಿರಿ. ಕೆಂಪರಾಜ್ ಖುದ್ದಾಗಿ ಬೀಗ ತೆಗೆದರು. ತಮ್ಮ ಕಾರು ಆ ಇಲ್ಲದ ದಾರಿಯಲ್ಲಿ ಒಂದು ಕುಲುಕಾಟವೂ ಇಲ್ಲದೆ ಏರಿಯನ್ನು ತಲುಪಿತು. ಮನೆಯಲ್ಲಿ ರೇಷ್ಮೆ ಹುಳು ಹಸಿದಿದ್ದವೆಂದು ನಮ್ಮತ್ತೆ ಸೊಪ್ಪಿನ ಹೊರೆ ಹೊತ್ತು ತೋಟದಿಂದ ಗೇಟಿಗೆ ಓಡಿಬಂದರು. “ಸಾಹೇಬ್ರ ಕಾರಿಗೆ ತೆಗ್ದಿದ್ದು ಕಣಕ್ಕ, ನಿನ್ ಸೊಪ್ಪಿಗಲ್ಲ” ಎಂದು ಕೆಂಪರಾಜ್ ಬೀಗ ಹಾಕಿಕೊಂಡರು. ಬಿಸಿಲಲ್ಲಿ ಕೆರೆ ಸುತ್ತಿ ಬರುವಷ್ಟರಲ್ಲಿ ಎಂದಿನಂತೆ ಸೊಪ್ಪು ಬಾಡಿತ್ತು. ಬಾಡಿದ್ದನ್ನೇ ತಿಂದು ರೋಗ ಹಿಡಿದ ಹುಳುವನ್ನೆಲ್ಲ ನಮ್ಮತ್ತೆ ಆ ವಾರ ತಿಪ್ಪೆಗೆ ಸುರಿದರು. ಅವತ್ತು ಅವರು ಊಟ ಮಾಡಲಿಲ್ಲ.

ಆಮೇಲೆ ತೀರ್ಪು ಬಂತು: ದಾರಿ ಇತ್ತೆಂಬುದನ್ನು ವಾದಿ ರುಜುವಾತುಪಡಿಸಿಲ್ಲ. ಕಾರಿನಲ್ಲಿ ಕೂತು ಕಂಡದ್ದನ್ನು ಪೀಠದವರೆಗೆ ಹೊತ್ತು ತರದ ಆ ನಿರ್ಲಿಪ್ತತೆಗೆ ತಲೆಬಾಗುತ್ತೇನೆ.

ನನ್ನ ಬೇಡಿಕೆ ಸಣ್ಣದು. ದಿನಾ ಬೆಳಗ್ಗೆ, ಹುಳುವಿಗೆ ಸೊಪ್ಪು ಹಾಕುವ ಹೊತ್ತಿಗೆ, ತಾವು ನಮ್ಮ ಕೆರೆ ಏರಿಯಲ್ಲಿ ಒಂದೊಂದು ಸಸಿ ನೆಡಬೇಕು. ತಮಗಾಗಿ ಗೇಟು ತೆಗೆದಾಗ ನಮ್ಮತ್ತೆ ಹೇಗೋ ನುಸುಳಿಕೊಳ್ಳುತ್ತಾರೆ. ಅದಾಗದಿದ್ದರೆ ಮೇಲ್ಮನವಿಯಲ್ಲಿ ನಮ್ಮ ಪರ ಸಾಕ್ಷಿ ಹೇಳಲು ಬನ್ನಿ. ಬಸ್ ಚಾರ್ಜು ನಮ್ಮದು.

ತಮ್ಮ ಮೌನದಲ್ಲಿ ಅಪಾರ ನಂಬಿಕೆಯಿಟ್ಟಿರುವ,
ತಮ್ಮ ವಿಶ್ವಾಸಿ,
ವಾಣಿಶ್ರೀ

ವಿ.ಸೂ.: ನಿನ್ನೆ ನಮ್ಮತ್ತೆ ಗುದ್ದಲಿಯ ಹಿಂಬದಿಯಿಂದ ಬೀಗ ಒಡೆದು, ಹೊರೆ ಹೊತ್ತು ನೆಟ್ಟಗೆ ಮನೆಗೆ ಬಂದರು. ಕೆಂಪರಾಜ್ ಪೊಲೀಸ್ ಠಾಣೆಗೆ ಓಡಿ, ಊರಿನ ಅರ್ಧ ಜನರೆದುರು, “ಬಂಡಿದಾರಿಗೆ ಹಾಕಿದ್ದ ಬೀಗ ಒಡೆದ್ಬಿಟ್ಳು ಸಾರ್! ಇನ್ಮೇಲೆ ಆ ದಾರೀಲಿ ಅವ್ಳು ಓಡಾಡ್ಬಾರ್ದು!” ಎಂದು ಕೂಗಿದರು. ಠಾಣೆಯವರು ಅದನ್ನು ಹಾಗೆಯೇ ಬರೆದುಕೊಂಡಿದ್ದಾರೆ. ತಾವು ಸಂಗ್ರಹಿಸಲಾರದ ಸಾಕ್ಷ್ಯವನ್ನು ಹೀಗೆ ಒಂದು ಗುದ್ದಲಿ ಸಂಗ್ರಹಿಸಿಕೊಟ್ಟಿದೆ. ಗುದ್ದಲಿಯನ್ನು ಠಾಣೆಯಲ್ಲೇ ಇಟ್ಟುಕೊಂಡು, ನಮ್ಮತ್ತೆಯನ್ನು ಟೀ ಕೊಟ್ಟು ಮನೆಗೆ ಕಳಿಸಿದ್ದಾರೆ.