ಫ್ಯಾನಿನ ಕೆಳಗಿನ ಕುರ್ಚಿ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಯೋಗ್ಯವಾದ ಕಾರಣ ಬೇಕು. ನೆರೆಮನೆಯವಳ ಹೊಸ ಸರ ಕಂಡು, ಓರಗಿತ್ತಿಯ ಅಡುಗೆಮನೆಯ ಗ್ರೈಂಡರ್ ಕಂಡು ಹೊಟ್ಟೆ ಉರಿದುಕೊಳ್ಳುವ ಹೆಂಗಸರನ್ನು ಲೋಕ ಅರ್ಥಮಾಡಿಕೊಳ್ಳುತ್ತದೆ. ನನಗೆ ಆ ಕಾಯಿಲೆ ಇಲ್ಲ. ದೇವಿ ನನಗೆ ಸೋರದ ಮಾಡು ಕೊಟ್ಟಿದ್ದಾಳೆ, ಬೇಸಿಗೆಯಲ್ಲೂ ತಳ ಕಾಣಿಸದ ಬಾವಿ ಕೊಟ್ಟಿದ್ದಾಳೆ, ಕುಡಿಯದ ಗಂಡನನ್ನು ಕೊಟ್ಟಿದ್ದಾಳೆ. ಬೆಳಿಗ್ಗೆ ದೀಪ ಹಚ್ಚುವಾಗ ಇವನ್ನೆಲ್ಲ ಹೆಸರು ಹಿಡಿದು ನೆನೆದು ಕೈಮುಗಿಯುವುದು ನನ್ನ ರೂಢಿ. ಇಂಥ ನಾನು ಹೋದ ಮಳೆಗಾಲವಿಡೀ ಹೊಟ್ಟೆಕಿಚ್ಚಿನಲ್ಲಿ ಬೆಂದೆ, ಅದೂ ಒಂದು ಕರಿಹಲಗೆಯ ಮೇಲಿನ ಹೊಟ್ಟೆಕಿಚ್ಚಿನಲ್ಲಿ ಎಂದರೆ ನೀವು ನಗುತ್ತೀರಿ. ನಗಿ. ಇದೆಲ್ಲ ಶುರುವಾದದ್ದೇ ನಗುವಿನಿಂದ.

ಹಬ್ಬುವಾಡದ ನಮ್ಮ ಮನೆಯಿಂದ ಪೇಟೆಗೆ ಹೋಗುವ ದಾರಿಯ ತಿರುವಿನಲ್ಲಿ ಒಂದು ಸಣ್ಣ ಇಗರ್ಜಿ ಇದೆ. ಅದರ ಗೇಟಿಗೆ ಒಂದು ದಿನ ಕರಿಹಲಗೆ ಬಂದು ತೂಗಿತು. ಹೊಸದಾಗಿ ಬಂದ ಪಾದ್ರಿಗಳ ಯೋಚನೆಯಂತೆ ಅದು. ಒಳಗೆ ಬರುವವರಿಗೆ ಉಪದೇಶ ಇದ್ದೇ ಇದೆ, ಬಾರದವರಿಗೆ ಗೇಟಿನಲ್ಲೇ ಒಂದಿಷ್ಟು ನಗು ಇರಲಿ ಎಂದು. ಮೊದಲ ವಾರ ಅದರ ಮೇಲೆ ಹೀಗಿತ್ತು: 'ಬಂಗಡೆ ಸಿಗದ ದಿನ ನನ್ನ ನೆನಪಾಗುತ್ತದೆ. ಸಿಕ್ಕ ದಿನವೂ ನಾನು ಇಲ್ಲೇ ಇರುತ್ತೇನೆ. ಇಂತಿ, ದೇವರು.' ನಾನು ಓದಿದೆ, ತುಟಿ ಬಿಗಿಹಿಡಿದು ಮುಂದೆ ಹೋದೆ. ದೇವರ ಹೆಸರಿನಲ್ಲಿ ಬಂಗಡೆ ಮೀನೇ ಎಂದುಕೊಂಡೆ.

ಆದರೆ ನಮ್ಮವರು ನಕ್ಕರು. ಇದರ ತೂಕ ನಿಮಗೆ ತಿಳಿಯಬೇಕಾದರೆ ನಮ್ಮವರನ್ನು ಪರಿಚಯಿಸಬೇಕು. ಅವರು ಬಂದರಿನ ಹತ್ತಿರದ ಐಸ್ ಫ್ಯಾಕ್ಟರಿಯಲ್ಲಿ ಯಂತ್ರ ನೋಡಿಕೊಳ್ಳುವವರು. ಆ ಕೆಲಸಕ್ಕೆ ತಕ್ಕ ತಣ್ಣನೆಯ ಮನುಷ್ಯ. ದೇವರನ್ನು ನಂಬುವುದಿಲ್ಲ. ನಂಬುವುದಿಲ್ಲ ಎಂದು ಜಗಳವಾಡುವುದೂ ಇಲ್ಲ. ಜಗಳವಾಡಿದ್ದರೆ ಎಂದಾದರೂ ನಾನು ಗೆದ್ದೇನು ಎಂಬ ಆಸೆಯಾದರೂ ಇರುತ್ತಿತ್ತು. ಮಂಗಳವಾರ ನನ್ನನ್ನು ಸ್ಕೂಟರಿನಲ್ಲಿ ದೇವಿಯ ಗುಡಿಗೆ ಕರೆದೊಯ್ದು, ತಾವು ಹೊರಗಿನ ಕಟ್ಟೆಯ ಮೇಲೆ ಕೂತುಬಿಡುತ್ತಾರೆ. "ಒಳಗೆ ಬನ್ನಿ" ಎಂದರೆ, "ನೀ ಹೋಗ್ಬಾ. ಚಪ್ಪಲಿ ನೋಡೂಕೆ ಒಬ್ರು ಬೇಕಲ್ಲ" ಎನ್ನುತ್ತಾರೆ. ಮದುವೆಯಾದ ಹೊಸತರಿಂದ ಇದೇ ಉತ್ತರ. ನನ್ನ ಚಪ್ಪಲಿಯಷ್ಟು ಭದ್ರವಾದ ಚಪ್ಪಲಿ ಕಾರವಾರದಲ್ಲಿ ಇನ್ನೊಂದಿರಲಿಕ್ಕಿಲ್ಲ.

ಆ ಮದುವೆಯಾದರೂ ಆದದ್ದು ದೇವಿಯ ಮಾತಿನ ಮೇಲೆ. ಅಂಕೋಲೆಯ ನನ್ನ ತವರಿನಲ್ಲಿ ದೇವಿಯನ್ನು ಕೇಳದೆ ಬಾವಿಯನ್ನೂ ತೋಡುವುದಿಲ್ಲ. ಮೂರ್ತಿಯ ಎಡಕ್ಕೂ ಬಲಕ್ಕೂ ನೀರಲ್ಲಿ ಅದ್ದಿದ ಹೂವಿನ ಎಸಳು ಅಂಟಿಸಿ ಕಾಯುವುದು. ಬಲದ್ದು ಮೊದಲು ಬಿದ್ದರೆ ಆಗಲಿ ಎಂದು, ಎಡದ್ದು ಬಿದ್ದರೆ ಬೇಡ ಎಂದು. ಇದಕ್ಕೆ ಪ್ರಸಾದ ಕೇಳುವುದು ಎನ್ನುತ್ತಾರೆ. ಇವರ ಸಂಬಂಧ ಬಂದಾಗಲೂ ಅಪ್ಪ ಪ್ರಸಾದ ಕೇಳಿದ್ದ. ಬಲದ್ದೇ ಬಿತ್ತು. ಈ ಮಾತು ಎತ್ತಿದಾಗಲೆಲ್ಲ ನಮ್ಮವರು ಅನ್ನುವುದು ಒಂದೇ: "ಅವತ್ತು ಗಾಳಿ ಇತ್ತು."

ಇಂಥವರು ಒಂದು ಹಲಗೆ ಓದಿ ನಗುತ್ತಾ ಮನೆಗೆ ಬಂದರು. ಊಟಕ್ಕೆ ಕೂತಾಗ ಇನ್ನೊಮ್ಮೆ ನೆನೆದು ನಕ್ಕರು. ನಾನು ಹೇಳಿದ ಎಷ್ಟು ತಮಾಷೆಗಳು ಆ ಮನುಷ್ಯನ ಮುಖದ ಮೇಲೆ ಬಿದ್ದು ಹೆಪ್ಪುಗಟ್ಟಿಲ್ಲ! ಮರುವಾರ ಇನ್ನೂ ಕೆಟ್ಟದ್ದಾಯಿತು. ಹಲಗೆಯ ಮೇಲೆ ಬಂದ ಸಾಲು ಹೀಗಿತ್ತು: 'ದೇವರಿಲ್ಲ ಎನ್ನುವವರಿಗೂ ನಮ್ಮಲ್ಲಿ ಕುರ್ಚಿ ಇದೆ. ಹಿಂದಿನ ಸಾಲಿನಲ್ಲಿ, ಫ್ಯಾನಿನ ಕೆಳಗೆ.'

"ಇದು ನಂಗೇ ಬರ್ದದ್ದು ಕಾಣ್ತದೆ" ಎಂದು ನಮ್ಮವರು ಅನ್ನ ಕಲಸುತ್ತಾ ಹೇಳಿದರು. "ಒಂದ್ ದಿನ ಹೋಗಿ ಆ ಫ್ಯಾನಿನ ಕೆಳಗೆ ಕೂತು ಬರ್ಬೇಕು."

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಇಗರ್ಜಿಯೂ ದೇವರ ಮನೆಯೇ, ಅದನ್ನು ಅಲ್ಲಗಳೆಯುವ ಪಾಪ ನನಗೆ ಬೇಡ. ಆದರೆ ಇಷ್ಟು ವರ್ಷ ನಾನು ಕರೆದರೂ ನನ್ನ ದೇವಿಯ ಹೊಸ್ತಿಲು ದಾಟದ ಈ ಕಾಲು, ಸೀಮೆಸುಣ್ಣದಲ್ಲಿ ಬರೆದ ಎರಡು ಸಾಲಿಗೆ ಮೊದಲು ಅಲ್ಲಿಯ ಹೊಸ್ತಿಲು ದಾಟಿದರೆ ನಾನು ದೇವಿಗೆ ಯಾವ ಮುಖ ತೋರಿಸಲಿ? ಆ ವಾರವೆಲ್ಲ ನಮ್ಮ ಮನೆಯ ಸಾರಿನಲ್ಲಿ ಉಪ್ಪು ಹೆಚ್ಚಾಗಿತ್ತು. ನಮ್ಮವರು ನೀರು ಜಾಸ್ತಿ ಕುಡಿದರು ಅಷ್ಟೆ.

ಎದೆಯ ಭಾರ ಇಳಿಸಲು ಫಿಲೋಮಿನಾಳ ಹತ್ತಿರ ಹೋದೆ. ಅವಳು ನಮ್ಮ ಓಣಿಯ ಟೇಲರು. ನನ್ನ ರವಿಕೆಯ ಅಳತೆ ಬಲ್ಲವಳು, ಅಂದರೆ ನನ್ನ ಗುಟ್ಟೆಲ್ಲ ಬಲ್ಲವಳು. ಅವಳ ಇಗರ್ಜಿಯ ಹಲಗೆಯನ್ನೇ ಅವಳೆದುರು ಬೈಯುವುದು ಹೇಗೆಂದು, "ಯಾರೇ ಅದನ್ನು ಬರೆಯೂದು? ಭಾಳ ಚುರುಕಿನ ಕೈ ಅದೆ" ಎಂದಷ್ಟೇ ಅಂದೆ. ಅವಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ತುಂಡನ್ನು ಎತ್ತಿ ತೋರಿಸಿದಳು.

"ನಾನೇ ಮಾರಾಯ್ತಿ! ಪಾದ್ರಿಗಳು ಹೇಳಿದ್ರು, ನಿನ್ನ ಬಾಯಿ ಹೇಗೂ ಸುಮ್ನಿರೂದಿಲ್ಲ, ಹಲಗೆ ಮೇಲಾದ್ರೂ ಮಾತಾಡು ಅಂತ. ಆ ಕುರ್ಚಿ ಸಾಲು ನಮ್ಮ ಇನಾಸನಿಗೇ ಬರ್ದದ್ದು. ನನ್ನನ್ನು ಗೇಟಿನವರೆಗೆ ಬಿಡ್ತಾನೆ, ಒಳಗೆ ಕಾಲಿಡೂದಿಲ್ಲ. ಓದ್ದ, 'ಫ್ಯಾನು ಮನೇಲೂ ಅದೆ' ಅಂದ, ಹೋದ. ನಗೂದು ಹೋಗ್ಲಿ, ಹಲ್ಲೂ ಕಾಣ್ಲಿಲ್ಲ."

ಅವಳ ಗಂಡನೂ ನನ್ನ ಗಂಡನ ಜಾತಿಯವನೇ ಎಂದು ತಿಳಿದಾಗ ಒಳ್ಳೆಯ ಹೆಂಗಸಾದರೆ ಮರುಗಬೇಕಿತ್ತು. ನನಗೆ ಹೊಳೆದದ್ದು ಬೇರೆ. ಇವಳು ಬರೆಯಬಹುದಾದರೆ ನಾನೇಕೆ ಬರೆಯಬಾರದು?

ನಮ್ಮ ಗುಡಿಯ ಕಮಿಟಿಯ ಅಧ್ಯಕ್ಷರು ಗಣಪತಿಮಾವ. ಗುಡಿಗೂ ಒಂದು ಹಲಗೆ ಬೇಕೆಂಬ ಮಾತು ತೆಗೆದಾಗ ಅವರು ತಲೆ ಕೆರೆದು, "ಹೆಂಗಸ್ರು ಕೇಳಿದ್ದಕ್ಕೆ ಇಲ್ಲ ಅನ್ನೂಕೆ ನಂಗೆ ಧೈರ್ಯ ಇಲ್ಲ. ದೇವಿಯನ್ನೇ ಕೇಳುವಾ" ಎಂದರು. ಮಂಗಳವಾರ ಸಂಜೆ ನಮ್ಮ ಗುಡಿಯ ಪೂಜಾರಿ ಗುನಗ ಎರಡು ಎಸಳನ್ನು ಅದ್ದಿ ಮೂರ್ತಿಗೆ ಅಂಟಿಸಿದ. ಕಮಿಟಿಯವರು ಸಾಲಾಗಿ ನಿಂತರು. ನಾನು ಕಣ್ಣುಮುಚ್ಚಿ, "ತಾಯಿ, ನಿನ್ನ ಕೀರ್ತಿ ಹೆಚ್ಚಲೆಂದು ಕೇಳುತ್ತಿದ್ದೇನೆ" ಎಂದೆ. ದೇವಿಗೆ ನನ್ನ ಪರಿಚಯ ಹಳೆಯದು. ಎಸಳು ಅಲ್ಲಾಡಲಿಲ್ಲ. ಮಳೆ ಬಿಟ್ಟ ಆಷಾಢದ ಸಂಜೆ, ಗಾಳಿಯಿಲ್ಲದ ಸೆಕೆ, ಒದ್ದೆ ಎಸಳು ಒದ್ದೆಯಾಗಿಯೇ ಕೂತಿತ್ತು. ಗುನಗ ಬೆವರೊರೆಸಿಕೊಂಡ. ಗಣಪತಿಮಾವ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು. "ಏನೋ ಮನಸ್ಸಿನಲ್ಲಿ ಇಟ್ಕಂಡು ಕೇಳ್ತಾ ಇದ್ದೀರಿ ಶಾಲಿನಿ ಬಾಯಿ" ಎಂದು ಗುನಗ ನನ್ನ ಕಡೆ ಓರೆನೋಟ ಬೀರಿದಾಗ ಭೂಮಿ ಬಾಯಿಬಿಡಬಾರದೇ ಅನಿಸಿತು.

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಕಂಡಿತು. ನಮ್ಮವರು! ಹಸಿವೆಯಾಗಿತ್ತೋ ಏನೋ, ಹೊರಗೆ ಕೂತು ಕೂತು ಸಾಕಾಗಿ ಹೊಸ್ತಿಲು ದಾಟಿ ನೇರ ಒಳಗೇ ಬಂದಿದ್ದರು. "ಎಂತ ಇಷ್ಟೊತ್ತು? ಈ ಸೆಕೆಲಿ ಹ್ಯಾಂಗೆ ನಿಂತೀರೋ ಮಾರಾಯ್ರೆ, ಫ್ಯಾನಾದ್ರೂ ಹಾಕೂಕಿಲ್ವಾ" ಎನ್ನುತ್ತಾ ಗೋಡೆಯ ಸ್ವಿಚ್ಚು ಒತ್ತಿದರು. ಫ್ಯಾನು ಗರಗರ ತಿರುಗಿತು. ಬಲದ ಎಸಳು ಬಿತ್ತು.

"ಬಂತು, ಬಲದ್ದು ಬಂತು!" ಎಂದು ಕಮಿಟಿಯವರೆಲ್ಲ ಕೈಮುಗಿದರು.

"ಅದು ಗಾಳಿಗೆ ಬಿದ್ದದ್ದು" ಎಂದರು ನಮ್ಮವರು, ನಿರೀಕ್ಷಿಸಿದಂತೆ.

"ಗಾಳಿ ಯಾರದ್ದೋ ತಮ್ಮಾ?" ಎಂದರು ಗಣಪತಿಮಾವ. "ಹಾಕಿದ್ದು ನೀನು. ನಿನ್ನನ್ನು ಒಳಗೆ ಕರ್ಸಿದ್ದು ಯಾರು?"

ನಮ್ಮವರು ಫ್ಯಾನಿನ ಕೆಳಗೆ ನಿಂತು, ತಲೆ ಎತ್ತಿ ಅದನ್ನೊಮ್ಮೆ ನೋಡಿದರು. ನಾನು ಅವರ ಪಕ್ಕದಲ್ಲಿ, ದೇವಿಯ ಎದುರು. ಹೊರಗೆ ನನ್ನ ಚಪ್ಪಲಿ ಮೊದಲ ಸಲ ದಿಕ್ಕಿಲ್ಲದೆ ಬಿದ್ದಿತ್ತು. ಕಳವಾದರೆ ಆಗಲಿ ತಾಯಿ ಎಂದುಕೊಂಡೆ. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಪುಣ್ಯವಂತೆ. ಆದರೆ ಹಲಗೆ ಮಂಜೂರಾಗಿತ್ತಲ್ಲ!

ಮರುವಾರ ಗುಡಿಯ ಗೋಡೆಗೆ ನನ್ನ ಹಲಗೆ ಬಂತು. ಎಷ್ಟೋ ಸಾಲು ಬರೆದು ಅಳಿಸಿ ಕೊನೆಗೆ ಹೀಗೆ ಬರೆದೆ: 'ಹೊರಗೆ ಕೂತು ಚಪ್ಪಲಿ ಕಾಯುವವರೇ, ಚಪ್ಪಲಿ ನಾನು ನೋಡಿಕೊಳ್ಳುತ್ತೇನೆ. ನೀವು ಒಳಗೆ ಬನ್ನಿ. ಇಂತಿ, ದೇವಿ.' ನಮ್ಮವರನ್ನು ಅದರ ಮುಂದೆ ನಿಲ್ಲಿಸಿ ಮುಖವನ್ನೇ ನೋಡಿದೆ. ಅವರು ನಿಧಾನವಾಗಿ ಓದಿದರು. "ಅಕ್ಷರ ದುಂಡಗೆ ಬಂದದೆ" ಎಂದರು. ಆಮೇಲೆ ಕಟ್ಟೆಯ ಮೇಲೆ ಕೂತು, "ದೇವಿಗೆ ಮೊದ್ಲೇ ಊರಿನ ಕೆಲಸ ಎಲ್ಲ ಅದೆ. ಚಪ್ಪಲಿ ಕೆಲಸ ಬೇರೆ ಎಂತಕ್ಕೆ? ಅದು ನಾನೇ ನೋಡ್ತೆ, ನೀ ಹೋಗ್ಬಾ" ಎಂದರು.

ನಾಲ್ಕು ದಿನ ಕಳೆದು ಫಿಲೋಮಿನಾ ನಮ್ಮ ಮನೆಯ ಗೇಟಿನಲ್ಲೇ ನಿಂತು ಕರೆದಳು. ಮುಖ ಬಾಡಿತ್ತು. "ಎಂತ ಬರ್ದಿದ್ದೆ ಶಾಲಿನಿ ಬಾಯಿ ನೀನು? ನಮ್ಮ ಇನಾಸ ಅದನ್ನ ಓದಿ ಮನೆಗೆ ಬಂದು ಹೊಟ್ಟೆ ಹಿಡ್ಕಂಡು ನಗ್ತಾನೆ. ದಿನಾ ಸಂಜೆ ನಿಮ್ಮ ಗುಡಿ ಕಟ್ಟೆಲೇ ಕೂತಿರ್ತಾನೆ. ಆ ಚಪ್ಪಲಿ ಸಾಲು ನಂಗೆ ಕೊಡೇ."

"ನಿಮ್ಮಲ್ಲಿ ಚಪ್ಪಲಿ ಹಾಕ್ಕಂಡೇ ಒಳಗೆ ಹೋಗ್ತೀರಲ್ಲೇ?"

"ಅದೇ ಮತ್ತೆ! ಚಪ್ಪಲಿ ಬಿಡೂ ಕಷ್ಟಾನೂ ಇಲ್ಲ. ಆದ್ರೂ ಬರೂದಿಲ್ಲ!"

ಸಾಲು ಕೊಡಲಿಲ್ಲ ನಾನು. ಆ ವಾರ ಅವಳು ಹೊಲಿದುಕೊಟ್ಟ ರವಿಕೆ ಕಂಕುಳಲ್ಲಿ ಬಿಗಿಯಾಗಿತ್ತು. ನಾನು ತಕರಾರು ಮಾಡಲಿಲ್ಲ. ಸಾರಿಗೆ ಉಪ್ಪು ಹೇಗೆ ಹೆಚ್ಚಾಗುತ್ತದೆಂದು ಬಲ್ಲವಳಿಗೆ ರವಿಕೆ ಹೇಗೆ ಬಿಗಿಯಾಗುತ್ತದೆಂದು ತಿಳಿಯದೇ?

ಈಗ ಮಂಗಳವಾರ ಕಟ್ಟೆಯ ಮೇಲೆ ಇಬ್ಬರು ಕೂರುತ್ತಾರೆ. ಇನಾಸ ನನ್ನ ಹಲಗೆಯನ್ನು ನಮ್ಮವರಿಗೆ ಓದಿ ಹೇಳುತ್ತಾನೆ. ನಮ್ಮವರು ಫಿಲೋಮಿನಾಳದನ್ನು ಅವನಿಗೆ ಹೇಳುತ್ತಾರೆ. ಅವರ ನಗು ಗರ್ಭಗುಡಿಯವರೆಗೆ ಕೇಳಿಸುತ್ತದೆ. ಒಳಗೆ ಗುನಗ, "ಬಾಯಿ, ಆರತಿ ತಕಳ್ಳಿ" ಎಂದು ನನ್ನನ್ನು ಎರಡೆರಡು ಸಲ ಕರೆಯಬೇಕಾಗುತ್ತದೆ. ನನಗೆ ಅಷ್ಟು ಭಕ್ತಿ ಎಂದು ಅವನು ತಿಳಿದಿದ್ದಾನೆ. ಕಣ್ಣುಮುಚ್ಚಿ ನಾನು ಹುಡುಕುತ್ತಿರುವುದು ಮುಂದಿನ ವಾರದ ಸಾಲನ್ನು; ಅದು ಫಿಲೋಮಿನಾಳದಕ್ಕಿಂತ ಒಂದು ಕೈ ಮೇಲಿರಬೇಕು. ಹೊರಗೆ ಕೂತ ಆ ಇಬ್ಬರಿಗೆ ನನ್ನ ಚಪ್ಪಲಿಯಾದರೂ ಕಣ್ಣೆದುರಿಗಿರುತ್ತದೆ. ನನಗೆ ಎದುರಿಗಿರುವ ದೇವಿಯೂ ಕಾಣುವುದಿಲ್ಲ.