ಮೂವತ್ತೊಂದು ಜನ ನೋಡಿದ ಚಿಲಕ

ಕೆಲವರಿಗೆ ಬೆಳಗಿನ ಕಾಫಿ ಹೇಗೋ ನನಗೆ ‘ಇದರ ಹೊಣೆ ಯಾರದು?’ ಎಂಬ ಪ್ರಶ್ನೆ ಹಾಗೆ. ಅದನ್ನು ಯಾರಿಗಾದರೂ ಕೇಳದೆ ದಿನ ಶುರುವಾದಂತೆ ಅನಿಸುವುದೇ ಇಲ್ಲ. ವಿಶ್ವವಿದ್ಯಾಲಯದಲ್ಲಿದ್ದಾಗ ಹಾಸ್ಟೆಲಿನ ಸಾಂಬಾರಿನಿಂದ ಹಿಡಿದು ಕುಲಪತಿಗಳ ಭಾಷಣದವರೆಗೆ ಎಲ್ಲದರ ಮೇಲೂ ಈ ಪ್ರಶ್ನೆಯನ್ನು ಪ್ರಯೋಗಿಸಿದ್ದೇನೆ. ಸಾಂಬಾರು ಸುಧಾರಿಸಲಿಲ್ಲ, ನನ್ನ ಕಂಠ ಸುಧಾರಿಸಿತು. ಆ ಕಂಠದೊಂದಿಗೇ ಎರಡು ವರ್ಷದ ಹಿಂದೆ ಚಿಕ್ಕಜಾಲದಾಚೆಯ ಒಂದು ಖಾಸಗಿ ಪದವಿ ಕಾಲೇಜಿಗೆ ರಾಜ್ಯಶಾಸ್ತ್ರದ ಉಪನ್ಯಾಸಕಿಯಾಗಿ ಸೇರಿದೆ. ಅಲ್ಲಿ ವಿಮಾನ ತಲೆಯ ಮೇಲೆ ಹಾದುಹೋಗುವಾಗಲೆಲ್ಲ ಪಾಠ ನಿಲ್ಲಿಸಬೇಕು. ಹಾಗೆ ನಿಂತ ನಿಮಿಷಗಳಿಗೆ ಯಾರನ್ನು ಹೊಣೆ ಮಾಡಬೇಕೆಂದು ಇನ್ನೂ ಯೋಚಿಸುತ್ತಿದ್ದೇನೆ.

ಆದರೆ ನಾನು ಹೇಳಹೊರಟಿರುವುದು ವಿಮಾನದ ವಿಷಯವಲ್ಲ, ಚಿಲಕದ ವಿಷಯ. ಎರಡನೆಯ ಮಹಡಿಯಲ್ಲಿ ಅಧ್ಯಾಪಕಿಯರಿಗೆಂದು ಇರುವ ಒಂದೇ ಶೌಚಾಲಯದ ಒಳಚಿಲಕ ಒಂದು ದಿನ ಕಳಚಿ ಬಿತ್ತು. ಅಂದಿನಿಂದ ಒಬ್ಬರು ಒಳಗೆ, ಇನ್ನೊಬ್ಬರು ಹೊರಗೆ ಕಾವಲು. ನನ್ನ ಜೋಡಿ ಇಂಗ್ಲಿಷ್ ವಿಭಾಗದ ನಸ್ರೀನ್. ಆಕೆ ಏಳು ತಿಂಗಳ ಗರ್ಭಿಣಿ; ಗಂಟೆಗೊಮ್ಮೆಯಾದರೂ ಹೋಗಲೇಬೇಕು, ನೆಲಮಹಡಿಯವರೆಗೆ ಇಳಿದು ಹತ್ತುವುದು ಆಗದ ಮಾತು. “ನಿಮಗೆ ಕ್ಲಾಸ್ ಇದ್ದಾಗ ನನ್ ಗತಿ ಏನ್ರೀ?” ಎಂದಳು ಒಂದು ದಿನ. “ಒಂದ್ ಕೈ ಬಾಗ್ಲಿಗೆ, ಒಂದ್ ಕೈ ಹೊಟ್ಟೆಗೆ. ಸೀರೆ ಹಿಡ್ಕೊಳ್ಳೋಕೆ ಮೂರನೇ ಕೈ ಮ್ಯಾನೇಜ್‌ಮೆಂಟ್‌ನೋರೇ ಕೊಡ್ತಾರಾ, ಕೇಳಿ ಹೇಳಿ.” ಆಕೆ ನಗುತ್ತಲೇ ಹೇಳಿದ್ದಳು. ಆದರೆ ಮಧ್ಯಾಹ್ನ ನೀರು ಕುಡಿಯುವುದನ್ನೇ ಬಿಟ್ಟಿದ್ದಾಳೆಂದು ತಿಳಿದಾಗ ನನ್ನೊಳಗಿನ ಹಳೆಯ ಪ್ರಶ್ನೆ ಎದ್ದು ನಿಂತಿತು.

ಸರಿಯಾಗಿ ಅದೇ ವಾರ ನಮ್ಮ ಕಾಲೇಜಿಗೆ ಸಿಬ್ಬಂದಿಯ ಸಂದೇಶಗಳಿಗೆಂದೇ ಒಂದು ಆ್ಯಪ್ ಬಂತು. ಬಂತು ಎನ್ನುವುದು ವಿನಯ; ತಂದವಳು ನಾನು. ಅದುವರೆಗೆ ನಮ್ಮಲ್ಲಿ ಎಲ್ಲ ಸಂಗತಿಗಳೂ ಸರ್ಕ್ಯುಲರ್ ಪುಸ್ತಕದಲ್ಲಿ ಸಂಚರಿಸುತ್ತಿದ್ದವು. ಕೆಂಪು ರಟ್ಟಿನ ಆ ಪುಸ್ತಕವನ್ನು ಅಟೆಂಡರ್ ಗಂಗಮ್ಮ ಕಂಕುಳಲ್ಲಿಟ್ಟುಕೊಂಡು ಮೇಜಿಂದ ಮೇಜಿಗೆ ಒಯ್ಯುತ್ತಿದ್ದಳು. ನಾವು ಓದಿ, ಅಥವಾ ಓದದೆ, ಸಹಿ ಹಾಕುತ್ತಿದ್ದೆವು. ಇದೊಂದು ಊಳಿಗಮಾನ್ಯ ಪಳೆಯುಳಿಕೆಯೆಂದೂ, ಪಾರದರ್ಶಕ ವ್ಯವಸ್ಥೆಯಲ್ಲಿ ಯಾರು ಏನು ಹೇಳಿದರು, ಯಾರು ಏನು ಮಾಡಲಿಲ್ಲ ಎಂಬುದೆಲ್ಲ ಎಲ್ಲರಿಗೂ ಕಾಣಬೇಕೆಂದೂ ಸಭೆಯಲ್ಲಿ ಇಪ್ಪತ್ತು ನಿಮಿಷ ವಾದಿಸಿದೆ. ಪ್ರಾಂಶುಪಾಲರು ಬೇಗ ಒಪ್ಪಿದರು, ಊಟದ ಹೊತ್ತಾಗಿತ್ತು. ಮೂವತ್ತೊಂದು ಮಂದಿಯ ಫೋನುಗಳಿಗೆ ನಾನೇ ಆ್ಯಪ್ ಇಳಿಸಿಕೊಟ್ಟೆ, ನಾನೇ ಅಡ್ಮಿನ್ ಆದೆ, ‘ಹೊಣೆಗಾರಿಕೆ’ ಎಂಬ ಹೆಸರಿನ ಗುಂಪನ್ನು ರಚಿಸಿ ಮೊದಲ ಸಂದೇಶ ಬರೆದೆ: “ಎರಡನೆಯ ಮಹಡಿಯ ಮಹಿಳಾ ಶೌಚಾಲಯದ ಚಿಲಕ ಮುರಿದಿದೆ. ದುರಸ್ತಿಯ ಹೊಣೆ ಯಾರದು? ದಯವಿಟ್ಟು ಉತ್ತರಿಸಿ.”

ಸಂಜೆಯೊಳಗೆ ಮೂವತ್ತೊಂದು ಜನ ಅದನ್ನು ನೋಡಿದರೆಂದು ಆ್ಯಪ್ ತೋರಿಸಿತು. ಒಬ್ಬರೂ ಉತ್ತರಿಸಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಗಣಿತದ ಮೇಡಂ ಅವರನ್ನು ಅಡ್ಡಗಟ್ಟಿ ಕೇಳಿದರೆ, “ಚಂದ್ರಶೇಖರಯ್ಯ ಸರ್ ಇನ್ನೂ ಹಾಕಿಲ್ವಲ್ಲ ಕಣ್ರೀ, ಅವರಿಗಿಂತ ಮುಂಚೆ ನಾವ್ ಹೆಂಗೆ ಹಾಕೋದು?” ಎಂದರು. ಆಗ ಹೊಳೆಯಿತು: ಕೆಂಪು ರಟ್ಟಿನ ಪುಸ್ತಕ ಹೋಗಿದ್ದರೂ ಅದರ ಶಾಸ್ತ್ರ ಹೋಗಿರಲಿಲ್ಲ. ಅದರಲ್ಲಿ ಮೊದಲ ಸಹಿ ಅತ್ಯಂತ ಹಿರಿಯರದು, ಆಮೇಲೆ ಸೇವಾವಧಿಯ ಕ್ರಮದಲ್ಲಿ ಉಳಿದವರದು. ಮೂವತ್ತು ಜನ ಫೋನು ಹಿಡಿದು, ವಾಣಿಜ್ಯ ವಿಭಾಗದ ಮುಖ್ಯಸ್ಥ ಚಂದ್ರಶೇಖರಯ್ಯನವರ ಅಪ್ಪಣೆಗಾಗಿ ಕಾಯುತ್ತಿದ್ದರು.

ಅವರ ಬಳಿ ಹೋದೆ. “ನೋಡ್ದೆನಮ್ಮ” ಎಂದರು, ಕನ್ನಡಕ ಒರೆಸುತ್ತಾ. “ಅದೇನೋ ಹೆಬ್ಬೆಟ್ಟು ಒತ್ತು ಅಂತ ತೋರಿಸ್ತಿದೆ. ಮೂವತ್ತು ವರ್ಷ ಇಂಕ್ ಪೆನ್ನಲ್ಲಿ ಸೈನ್ ಮಾಡಿದೋನು ನಾನು. ರಿಟೈರ್ ಆಗೋ ಹೊತ್ನಲ್ಲಿ ಹೆಬ್ಬೆಟ್ಟು ಹಾಕ್ಲಾ?” ಆ್ಯಪಿನ ಚಿತ್ರದಂತೆ ಹೆಬ್ಬೆಟ್ಟೆತ್ತುವುದಕ್ಕೂ ಕಾಗದದ ಮೇಲೆ ಒತ್ತುವುದಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಲು ಯತ್ನಿಸಿದೆ. “ಎತ್ತೋದು ಇನ್ನೂ ಕೆಟ್ಟದಮ್ಮ. ಹೆಂಗಸರ ಟಾಯ್ಲೆಟ್ ವಿಷಯಕ್ಕೆ ನಾನು ಎಲ್ಲರೆದುರು ಹೆಬ್ಬೆಟ್ಟು ಎತ್ತಿ ತೋರಿಸಿದ್ರೆ ಚೆನ್ನಾಗಿರುತ್ತಾ?” ಎಂದರು. ಕೊನೆಗೆ ಅರ್ಧ ಗಂಟೆ ಕುಳಿತು ಅಕ್ಷರ ಒತ್ತುವುದನ್ನು ಕಲಿಸಿಕೊಟ್ಟೆ. ಅವರು ‘ನೋಡಿದೆ’ ಎಂದು ಬರೆದು, ಕೆಳಗೆ ಹೆಸರಿನ ಮೊದಲಕ್ಷರಗಳನ್ನೂ ತಾರೀಖನ್ನೂ ಹಾಕಿದರು. ಗಂಟೆಯೊಳಗೆ ಸೇವಾವಧಿಯ ಕ್ರಮದಲ್ಲಿ, ಒಂದು ಸ್ಥಾನವೂ ಪಲ್ಲಟವಾಗದಂತೆ ‘ನೋಡಿದೆ’, ‘ನೋಡಿದೆ’, ‘ನೋಡಿದೆ’ ಎಂದು ಸಾಲು ಇಳಿಯಿತು.

ಬಾಗಲೂರು ಕಡೆಯ ಗಂಗಮ್ಮ, ಈಗ ಪುಸ್ತಕ ಹೊರುವ ಕೆಲಸವಿಲ್ಲದ ಕಾರಣ ನಾನಿಲ್ಲದಾಗ ನಸ್ರೀನಳ ಬಾಗಿಲು ಕಾಯುತ್ತಿದ್ದಳು. “ಎಲ್ಲಾರೂ ನೋಡವ್ರಂತಲ್ಲವ್ವ?” ಎಂದಳು. “ನೋಡೋಕೆ ನಾನೂ ದಿನಾ ನೋಡ್ತೀನಿ. ಇಂಗೆ ನೋಡ್ತಾ ಕುಂತ್ರೆ ಆವಮ್ಮಂಗೆ ಎರಿಗೆ ಆಯ್ತದೆ, ಚಿಲ್ಕ ಆಗಾಕಿಲ್ಲ.”

ಹತ್ತೊಂಬತ್ತನೆಯ ದಿನ ನನ್ನ ಸಹನೆ ಮುಗಿಯಿತು. ಬೆಳಗ್ಗೆಯೇ ಗುಂಪಿನಲ್ಲಿ ಘೋಷಿಸಿದೆ: “ನಾಳೆ ಮೂರು ಗಂಟೆಗೆ ಕೆಳಗಿನ ಸಭಾಂಗಣದಲ್ಲಿ ಸಭೆ. ಈ ಅಮಾನವೀಯ ವಿಳಂಬಕ್ಕೆ ಕಾರಣರಾದವರ ಹೆಸರನ್ನು ಬಹಿರಂಗಪಡಿಸುತ್ತೇನೆ.” ಈ ಸಲ ಯಾರೂ ಹಿರಿತನಕ್ಕೆ ಕಾಯಲಿಲ್ಲ. ‘ಬರ್ತೀವಿ’ ಎಂದು ಐದೇ ನಿಮಿಷದಲ್ಲಿ ಎಲ್ಲರೂ ಬರೆದರು. ಹೆಸರು ಪಡೆಯಲು ನೇರ ಪ್ರಾಂಶುಪಾಲರ ಕೊಠಡಿಗೆ ನುಗ್ಗಿ, ಒಬ್ಬ ಗರ್ಭಿಣಿಯ ಘನತೆಯ ಬಗ್ಗೆ, ಸಂಸ್ಥೆಗಳ ಮೌನದ ಬಗ್ಗೆ ನಿಂತಲ್ಲೇ ಮಾತಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, ಫೋನನ್ನು ನನ್ನತ್ತ ತಿರುಗಿಸಿದರು. ನನ್ನೊಬ್ಬಳ ಹೆಸರಿಗೆ, ಮೊದಲ ದಿನವೇ, ನಾನು ಕೇಳಿದ ಹತ್ತು ನಿಮಿಷಕ್ಕೆ ಬರೆದ ಸಂದೇಶ: “ಒಪ್ಪಿಗೆ ಇದೆ. ಬಡಗಿಯನ್ನು ಕರೆಸಿ, ಹಾಕಿಸಿ.”

“ಕೇಳಿದೋರು ನೀವು, ನಿಮಗೇ ಬರೆದೆ” ಎಂದರು. “ಎಲ್ಲರ ಮುಂದೆ ಚಿಲಕದ ಮಾತು ಯಾಕಮ್ಮ ಅಂತ.”

ಮೊದಲ ದಿನ ಮೂವತ್ತೊಂದು ಜನರೂ ‘ಹಲೋ’, ‘ಬಂತಾ ಮೇಡಂ?’, ‘ಈಗ ಬಂತಾ?’ ಎಂದು ನನ್ನೊಬ್ಬಳಿಗೇ ಕಳುಹಿಸಿ ಆ್ಯಪನ್ನು ಪರೀಕ್ಷಿಸಿದ್ದರು. ಬೇಸತ್ತು ಖಾಸಗಿ ಸಂದೇಶಗಳ ಸದ್ದಡಗಿಸಿ, ಮತ್ತೆ ಆ ಕಡೆ ಕಣ್ಣು ಹಾಯಿಸಿರಲಿಲ್ಲ. ಇಡೀ ಕಾಲೇಜಿನಲ್ಲಿ ಏನನ್ನೂ ನೋಡದೆ ಇದ್ದವಳು ನಾನೊಬ್ಬಳೇ.

ಬಡಗಿ ಅಂದೇ ಸಂಜೆ ಬಂದ. ಇಪ್ಪತ್ತು ನಿಮಿಷದ ಕೆಲಸ. ದಪ್ಪನೆಯ ಸ್ಟೀಲ್ ಚಿಲಕ, ನಾಲ್ಕು ಸ್ಕ್ರೂ. ಎಳೆದರೆ ಟಕ್ಕೆಂದು ಕೂರುತ್ತದೆ. ಇದನ್ನು ಇಷ್ಟು ಖಚಿತವಾಗಿ ಬಲ್ಲೆ, ಏಕೆಂದರೆ ಮರುದಿನ ಮೂರು ಗಂಟೆಗೆ ನಾನು ಅದರ ಹಿಂದೆಯೇ ನಿಂತಿದ್ದೆ. ಕೆಳಗೆ ಕುರ್ಚಿ ಎಳೆಯುವ ಸದ್ದು ಕೇಳಿಸುತ್ತಿತ್ತು. ಅಷ್ಟರಲ್ಲಿ ಯಾರೋ ಬಾಗಿಲು ತಳ್ಳಿದರು. ಚಿಲಕ ಅಲುಗಲಿಲ್ಲ.

“ಯಾರ್ರೀ ಒಳಗೆ? ಬೇಗ ಬನ್ನಿ, ನನ್ ಕೈಲಾಗ್ತಿಲ್ಲ!” ನಸ್ರೀನಳ ದನಿ. ತೆರೆಯದೆ ವಿಧಿಯಿರಲಿಲ್ಲ.

“ಅಯ್ಯೋ, ನೀವಾ? ಕೆಳಗೆಲ್ಲಾ ನಿಮಗೇ ಕಾಯ್ತಿದಾರೆ. ಅದ್ಯಾರು ಅಂತ ಹೇಳಿ ಮಾನ ತೆಗೀರಿ ಅವರದ್ದು, ಬಿಡ್ಬೇಡಿ.”

“ನೀವು ಹೋಗಿ ಬನ್ನಿ” ಎಂದೆ, ಆದಷ್ಟು ಉದಾರವಾಗಿ. “ನಾನಿಲ್ಲೇ ಬಾಗಿಲು ಕಾಯ್ತೀನಿ.”

“ಯಾಕ್ರೀ ಕಾಯೋದು? ಚಿಲಕ ಇದೆಯಲ್ಲ” ಎಂದು ಆಕೆ ಒಳಗೆ ಹೋದಳು. ಟಕ್ಕೆಂದು ಸದ್ದಾಯಿತು. ಹೊರಗೆ ನಿಲ್ಲಲು ನನಗೆ ಇನ್ನು ಯಾವ ಕಾರಣವೂ ಉಳಿದಿರಲಿಲ್ಲ.