ಎರಡು ತಾಸಿನ ನಿದ್ದಿ

ಮೈ ಮುರಿದು ಚ್ಯಾಷ್ಟಿ ಮಾಡುತ್ತಿದ್ದ ಕಾಲದಲ್ಲಿ ನಮ್ಮೂರ ಮಂದಿ ನನ್ನನ್ನು ನೋಡಿ ಇಷ್ಟು ನಕ್ಕಿರಲಿಲ್ಲ. ಸುಮ್ಮನೆ ಬಿದ್ದುಕೊಳ್ಳುತ್ತೇನೆ ಅಂದಾಗಿನಿಂದ ಒಂದಿಲ್ಲೊಂದು ಫಜೀತಿ ತಾನಾಗಿ ಮನೆ ಹುಡುಕಿಕೊಂಡು ಬರುತ್ತದೆ.

ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವಳು. ಈಗ ಹದಿನೇಳು. ನವಲಗುಂದ ಕಡೆಯ ನಮ್ಮೂರಲ್ಲಿ ಹೆಸರು ಹೇಳುವುದಕ್ಕಿಂತ 'ಆ ಕಿಡಿಗೇಡಿ ಹುಡುಗಿ' ಅಂದರೆ ಬೇಗ ಗುರುತು ಸಿಗುತ್ತದೆ. ಸಾಲಿಯಲ್ಲಿದ್ದಾಗ ಒಮ್ಮೆ ಹೊಟ್ಟೆನೋವು ಅಂತ ಎಷ್ಟು ಚಂದ ಹೊರಳಾಡಿದ್ದೆನೆಂದರೆ, ಮಾಸ್ತರರು ಪಾಠ ಬಿಟ್ಟು ತಮ್ಮ ಸೈಕಲ್ಲಿನ ಮೇಲೆ ಮನೆತನಕ ತಂದು ಬಿಟ್ಟಿದ್ದರು. ಅವರು ಸೈಕಲ್ ತಿರುಗಿಸುವುದರೊಳಗೆ ನಾನು ಹಣ್ಣು ತಿನ್ನುತ್ತ ಹಿತ್ತಲ ಬಾರಿಗಿಡದ ಮೇಲಿದ್ದೆ. ಹಿಂಗಾಗಿ ಎರಡು ವರ್ಷದ ಹಿಂದೆ ನಿಜವಾಗಿ ಕೀಲುಗಳು ಬಾತು ಹಾಸಿಗೆ ಹಿಡಿದಾಗ, ಮನೆಮಂದಿ ನನ್ನನ್ನು ಬಿಟ್ಟು ಮೊದಲು ಬಾರಿಗಿಡವನ್ನು ನೋಡಿದರು.

ಕಾವಲುಗಾರರು

ಕಡೆಗೆ ಅಪ್ಪನೂ ಆಯಿಯೂ ಕೂಡಿ ನನ್ನನ್ನು ಹುಬ್ಬಳ್ಳಿಗೆ ಒಯ್ದರು. ಆಯಿ ಅಂದರೆ ಅಪ್ಪನ ತಾಯಿ. ಮನೆಯಲ್ಲಿ ಅಕಿಯ ಮಾತೇ ಕಡೆಯ ಮಾತು. ಡಾಕ್ಟರು ರಕ್ತ ತೆಗೆಸಿ ನೋಡಿ ಇಂಗ್ಲಿಷಿನಲ್ಲಿ ಒಂದು ಉದ್ದನೆಯ ಹೆಸರು ಹೇಳಿದರು. ಅಪ್ಪನ ಮಾರಿ ನೋಡಿ ಕನ್ನಡಕ್ಕೆ ಇಳಿದರು.

"ಮೈಯೊಳಗ ರೋಗದ ಜೋಡಿ ಬಡಿದಾಡೋ ಕಾವಲುಗಾರರು ಇರ್ತಾರ. ಇಕಿ ಮೈಯಾಗಿನವರು ದಾರಿ ತಪ್ಪ್ಯಾರ. ಕಳ್ಳರನ್ನ ಬಿಟ್ಟು ಮನಿಮಂದೀನ್ನ ಬಡ್ಯಾಕತ್ತಾರ. ಅದಕ್ಕ ಕೀಲು ಬಾತಾವ, ಅದಕ್ಕ ಈ ದಣಿವು. ಗುಳಿಗಿ ತಪ್ಪಸಬ್ಯಾಡ್ರಿ. ದಿನಾ ಮಧ್ಯಾಹ್ನ ಎರಡು ತಾಸು ಮಲಗಲಿ."

"ಪೂರಾ ಯಾವಾಗ ಹೋಗ್ತೈತ್ರಿ?" ಅಂದ ಅಪ್ಪ.

"ಪೂರಾ ಹೋಗೂದಿಲ್ಲ. ಗುಳಿಗಿ ತಗೊಂಡ್ರ ಕಾವಲುಗಾರರು ಹೇಳಿದಂಗ ಕೇಳ್ಕೊಂಡು ಇರ್ತಾರ."

ಆಯಿ ಸೆರಗು ಜಾಡಿಸಿ ಎದ್ದಳು. "ಇಕೀನ ಒಂದಿನ ಹೇಳಿದಂಗ ಕೇಳಿಲ್ರಿ. ಇನ್ನ ಇಕಿ ಕಾವಲುಗಾರರು ಕೇಳ್ತಾರೇನ್ರಿ?"

ಆ ಎರಡು ತಾಸು ಸಿಗುವುದೇ ದೊಡ್ಡ ಪಡಿಪಾಟಲಾಯಿತು. ತೊಟ್ಟಿಲ ಕೂಸನ್ನು ಬಿಟ್ಟರೆ ನಮ್ಮ ಮನೆಯಲ್ಲಿ ಹಗಲು ಮಲಗಿದವರಿಲ್ಲ. ನನ್ನ ದಣಿವು ಕೊಡ ಹೊತ್ತು ಬಂದ ದಣಿವಲ್ಲ. ರಾತ್ರಿಯೆಲ್ಲ ಮಲಗಿ ಎದ್ದರೂ ಮಲಗುವ ಮುಂಚೆ ಎಷ್ಟಿತ್ತೋ ಅಷ್ಟೇ ಇರುತ್ತದೆ. ತಲೆ ಬಾಚಲು ಕೈ ಎತ್ತಿದರೆ ಅರ್ಧಕ್ಕೇ ಸೋಲುತ್ತದೆ. ಎಷ್ಟೋ ದಿನ ಒಂದೇ ಬದಿ ಬಾಚಿಕೊಂಡು ಓಣಿಗೆ ಹೋಗಿದ್ದೇನೆ. ಇದೂ ಒಂದು ಹೊಸ ಚ್ಯಾಷ್ಟಿ ಅಂತ ಮಂದಿ ನಕ್ಕರು. ಆಯಿಯೂ ನಕ್ಕಳು. ಅಕಿ ನಂಬುವತನಕ ನನ್ನ ನಿದ್ದಿ ನನ್ನದಲ್ಲ.

ಬಾಳಿಹಣ್ಣು

ಗುಳಿಗಿ ಶುರುವಾದ ಮೇಲೆ ನನ್ನ ಮಾರಿ ಬಾತು ಗುಂಡಗಾಯಿತು. ಹಂಗ ಆಗ್ತೈತಿ ಅಂತ ಡಾಕ್ಟರು ನಮಗೆ ಹೇಳಿದ್ದರು, ಊರಿಗೆ ಹೇಳಿರಲಿಲ್ಲ. "ಹುಡುಗಿ ಅಗದಿ ಮೈ ತುಂಬ್ಯಾಳ" ಅಂತ ಎಲ್ಲರಿಗೂ ಖುಷಿ.

ಒಂದು ಮಧ್ಯಾಹ್ನ, ಆಯಿ ಓಣಿಗೆ ಹೋಗಿದ್ದಾಳೆಂದು ನಾನು ಚಾಪೆ ಬಿಚ್ಚುವ ಹೊತ್ತಿಗೆ, ಗುಡಗೇರಿಯಿಂದ ಅಪ್ಪನ ಸೋದರತ್ತೆ ಬಾಳಿಹಣ್ಣು ಹಿಡಿದು ಮಾತಾಡಿಸಲು ಬಂದಳು. 'ಮನಿಯಾಗ ಆರಾಮಿಲ್ಲ' ಅನ್ನುವಷ್ಟೇ ಸುದ್ದಿ ಅಕಿಗೆ ಮುಟ್ಟಿತ್ತು. ನನ್ನನ್ನು ನೋಡಿದಳು. ಹತ್ತಿ ಬಿಡಿಸಿ ಬಿಡಿಸಿ ಕಡ್ಡಿಯಾಗಿದ್ದ ಅವ್ವನನ್ನು ನೋಡಿದಳು. ಹಣ್ಣನ್ನು ಅವ್ವನ ಉಡಿಗೆ ಹಾಕಿದಳು.

"ಎಷ್ಟ ಸೊರಗೀಯವಾ!"

"ಅತ್ಯಾ, ನನಗಲ್ರೀ, ಇಕಿಗಿ."

"ಸುಮ್ನಿರು. ನಿನ್ನ ಬ್ಯಾನಿ ಮಗಳ ಮ್ಯಾಲ ಹಾಕಬ್ಯಾಡ."

ಅವ್ವನನ್ನು ನನ್ನ ಚಾಪೆಯ ಮೇಲೆ ಒತ್ತಿ ಮಲಗಿಸಿ, ಕೌದಿ ಹೊಚ್ಚಿ, ಕಾಲು ತಿಕ್ಕತೊಡಗಿದಳು. ಅವ್ವ ನಾಲ್ಕು ಸಲ ಏಳಲು ನೋಡಿದಳು. ಐದನೆಯ ಸಲ ನೋಡಲಿಲ್ಲ, ನಿದ್ದಿ ಹತ್ತಿತ್ತು. ಅವ್ವ ಹಗಲು ಮಲಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಎಬ್ಬಿಸಲು ಮನಸ್ಸಾಗಲಿಲ್ಲ. ಬೆರಳು ಮಡಚಲು ಬಾರದ್ದಕ್ಕೆ ಪಾತೇಲಿಯನ್ನು ಎರಡೂ ಮಣಿಕಟ್ಟಿನಲ್ಲಿ ಅವುಚಿ ಹಿಡಿದು ಚಹಾ ಸೋಸಿ ಕೊಟ್ಟೆ.

ಅತ್ತೆ ಕಪ್ಪಿನಿಂದ ಬಸಿಗೆ ಹೊಯ್ದುಕೊಂಡು ಕುಡಿದು ಹೇಳಿದಳು: "ನೀ ಇಷ್ಟ ಗಟ್ಟಿ ಅದಿ ಅಂತ ನಿಮ್ಮವ್ವ ಜೀವ ಹಿಡದಾಳ ನೋಡು."

ಹದಿನೆಂಟು

ಹತ್ತಿ ಬಿಡಿಸುವ ದಿನಗಳಲ್ಲಿ ಅವ್ವ ಅಪ್ಪ ಹೊಲದಲ್ಲೇ. ರಾತ್ರಿ ಊಟದ ರೊಟ್ಟಿ ನನ್ನ ಪಾಲಿಗೆ. ಆಯಿ ಹೊರಗೆ ಕಟ್ಟೆಯ ಮೇಲೆ ಕೂತು, ಕಿವಿಯಲ್ಲೇ ರೊಟ್ಟಿ ಎಣಿಸುತ್ತಾಳೆ. ಬಡಿಯುವ ಸಪ್ಪಳ ನಿಂತಿತೋ, "ಯಾಕಲೇ, ಒರಗಿದ್ಯಾ?"

ಒಂದು ದಿನ ಒಲೆ ಹಚ್ಚುವ ತ್ರಾಣವೂ ಇರಲಿಲ್ಲ. ರೊಟ್ಟಿ ಬಡಿಯುವ ಹಲಗಿಯ ಬಾಜು ಮಲಗಿಕೊಂಡು, ಕಣ್ಣು ಮುಚ್ಚಿ, ಬರೀ ಹಲಗಿಯನ್ನು ಅಂಗೈಯಿಂದ ತಟ್ಟಿದೆ. ಒಂದಿಷ್ಟು ತಟ್ಟಿ, ಒಂದಿಷ್ಟು ಬಿಟ್ಟು, ಮತ್ತೆ ತಟ್ಟಿ. ನಡುನಡುವೆ ಜೊಂಪು ಹತ್ತುತ್ತಿತ್ತು, ಕೈ ಮಾತ್ರ ನಡೆದಿತ್ತು. ಹೊರಗಿನಿಂದ ಆಯಿ, "ಹದಿನೆಂಟಾದೂ, ಸಾಕ್ ಬಿಡು" ಅಂದಳು. ಅಂತೂ ನಿದ್ದಿಗೆ ಹಾದಿಯಾಯಿತು ಅನ್ನುವಷ್ಟರಲ್ಲಿ ಬಾಜು ಮನೆಯ ಕಾಕಿ ಬುಟ್ಟಿ ಹಿಡಿದು ಒಳಗೆ ಬಂದಳು.

"ಸಪ್ಪಳ ಕೇಳಿ ಬಂದೆ. ಬೀಗರು ಬಂದಾರ, ಹತ್ತು ರೊಟ್ಟಿ ಕೊಡ. ನಾಳಿ ತಿರುಗಿ ಕೊಡ್ತೀನಿ."

"ರೊಟ್ಟಿ ಇಲ್ಲ ಕಾಕಿ."

"ಈಗರ ಹದಿನೆಂಟಂದ್ಲಲ್ಲ ನಿಮ್ಮಾಯಿ?"

"ತಿಂದೆ" ಅಂದೆ.

"ಎಲ್ಲಾನೂ?"

ಕಾಕಿ ನನ್ನ ಮಾರಿಯನ್ನು ಈ ಕಡೆಯಿಂದ ಆ ಕಡೆತನಕ ನೋಡಿದಳು. "ಹೌದಬಿಡು" ಅಂದು ಹೊರಟುಹೋದಳು.

ದೀಡ ನಮಸ್ಕಾರ

ಆ ರಾತ್ರಿ ಎಲ್ಲರೂ ನುಚ್ಚು ಉಂಡರು. ಇದು ದವಾಖಾನಿಯಿಂದ ಆಗುವ ಕೆಲಸವಲ್ಲ ಅಂತ ಆಯಿ ಬಸವಣ್ಣನಿಗೆ ಹರಕೆ ಹೊತ್ತಳು: ಮೊಮ್ಮಗಳ ದಣಿವು ಹೋಗಲಿ, ಬರುವ ಸೋಮವಾರವೇ ಬಾವಿಯಿಂದ ಗುಡಿತನಕ ಅಕಿ ಕಡೆಯಿಂದ ದೀಡ ನಮಸ್ಕಾರ ಹಾಕಿಸುತ್ತೇನೆ ಅಂತ. ಅಂದರೆ ನೆಲಕ್ಕೆ ಬೋರಲು ಮಲಗಿ, ಚಾಚಿದ ಕೈಯಿಂದ ಗೆರೆ ಎಳೆದು, ಎದ್ದು, ಆ ಗೆರೆಗೆ ನಿಂತು, ಮತ್ತೆ ಮಲಗುತ್ತ ಹೋಗುವುದು. ದಣಿವಿಗೆ ಇಂಥ ಹರಕೆ ನಮ್ಮ ಆಯಿಗೇ ಹೊಳೆಯಬೇಕು.

ಸೋಮವಾರ ಮುಂಜಾನೆ ಒದ್ದೆ ಸೀರೆಯಲ್ಲಿ ನಾಲ್ಕು ಹಾಕಿದೆ. ಐದನೆಯದಕ್ಕೆ ಮಲಗಿದವಳು ಏಳಲಿಲ್ಲ.

"ನಾಟಕ ಸಾಕು, ಏಳಲೇ" ಅಂದಳು ಆಯಿ.

"ನಾಟಕ ಅಲ್ಲಬೇ ಆಯೀ. ಆಗವಲ್ದು."

"ಮಲಗೂದು, ಏಳೂದು. ಅದರಾಗೇನೈತಿ?"

"ಏಳೂದೈತಿ."

ಆಯಿಗೆ ಸಿಟ್ಟು ಬಂತು. "ಹರಕಿ ಹೊತ್ತಾಕಿ ನಾನು, ನಾನ ಮುಗಸ್ತೀನಿ. ಎಪ್ಪತ್ತು ವರ್ಷದಾಕಿ ಹೆಂಗ ಹಾಕ್ತಾಳ ನೋಡ್ಕೋಂತ ಬಿದ್ದಿರು" ಅಂದು ಕಚ್ಚೆ ಬಿಗಿದಳು. ಮಲಗಿದಳು, ಎದ್ದಳು. ಮಲಗಿದಳು, ಮೊಣಕಾಲು ಹಿಡಿದುಕೊಂಡು ಎದ್ದಳು. ಮೂರನೆಯ ಸಲ ಮಲಗಿದಳು.

ಏಳಲಿಲ್ಲ. ತೆವಳುತ್ತ ಬಾಜು ಹೋದೆ. ಕಣ್ಣು ತೆರೆದೇ ಇದ್ದವು, ಗಲ್ಲದ ತುಂಬ ಎರೆಮಣ್ಣು.

"ಲೇ, ಕೈಕಾಲು ನಮ್ಮವಲ್ಲ ಅನ್ನೂಹಂಗ ಆಗೇತಿ. ನಿನಗ ದಿನಾ ಹಿಂಗನ?"

"ದಿನಾ. ಮುಂಜಾನೆ ಎದ್ದ ಕೂಡಲೇ."

ಆಯಿ ಸೆರಗು ಎಳೆದು ನನ್ನ ತಲೆಯ ಮೇಲೆ ಬಿಸಿಲಿಗೆ ಅಡ್ಡ ಹಾಕಿದಳು. "ಮಲಕೋ" ಅಂದಳು. "ಮನ್ಯಾಗೂ ಮಲಕೋ. ಯಾರ ಎಬ್ಬಸ್ತಾರ ನಾ ನೋಡ್ತೀನಿ."

ಅಷ್ಟರಲ್ಲಿ ಗುಡಿಯ ಪೂಜಾರಿ ಗಾಬರಿಯಾಗಿ ಓಡಿಬಂದ. "ಯಮ್ಮಾ, ಗುಡಿ ಇನ್ನೂ ಮುಂದೈತ್ರಿ. ಬಸವಣ್ಣ ಕಾಯಾಕತ್ತಾನ."

ಆಯಿ ನೆಲದಿಂದ ತಲೆ ಎತ್ತಲಿಲ್ಲ.

"ಅವಗ ನಾಕು ಕಾಲು ಅದಾವ. ಅವನ ಬರ್ಲಿ."